ಕೊಂಡ ಆಟ ಯಾರದು?

ಕೆಲವು ವಾರಗಳ ಹಿಂದೆ ತಂಗಿಯ ಮಗ ಮನೆಗೆ ಬಂದಿದ್ದ. ಪಿಯುಸಿ ಓದುವ ಹುಡುಗ. ಕಪಾಟಿನಲ್ಲಿ ಜೋಡಿಸಿಟ್ಟಿರುವ ನನ್ನ ವಿಡಿಯೋ ಗೇಮ್ ಡಿಸ್ಕುಗಳನ್ನು ಒಂದೊಂದಾಗಿ ತೆಗೆದು ನೋಡಿ, 'ಮಾಮಾ, ಇವನ್ನೆಲ್ಲ ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ?' ಎಂದು ಕೇಳಿದ. ಗ್ರಾಮಫೋನ್ ತಟ್ಟೆಗಳನ್ನು ಒರೆಸಿ ಕೂಡಿಡುವ ಅಜ್ಜನನ್ನು ಮೊಮ್ಮಕ್ಕಳು ನೋಡುವ ಕನಿಕರ ಅವನ ದೃಷ್ಟಿಯಲ್ಲಿತ್ತು. ನಾನು ವಾದಕ್ಕಿಳಿಯದೆ ನಾಲ್ಕು ಡಿಸ್ಕುಗಳನ್ನು ಅವನ ಕೈಗಿತ್ತು, ಆಡಿ ಮುಗಿದ ಮೇಲೆ ತಂದುಕೊಡು ಎಂದೆ. ಅವನು ಹೋದ ಮೇಲೆ ಹೊಳೆಯಿತು: ಇನ್ನು ಕೆಲವೇ ವರ್ಷಗಳಲ್ಲಿ ಈ ಮಾತನ್ನು ಆಡುವ ಅವಕಾಶವೇ ನನಗೆ ಇಲ್ಲವಾಗಬಹುದು.

ನಲವತ್ತು ದಾಟಿದವನೊಬ್ಬ ವಿಡಿಯೋ ಗೇಮ್ ಬಗ್ಗೆ ಈ ಪುಟದಲ್ಲಿ ಬರೆಯುವುದೇ ಎಂದು ಮೂಗು ಮುರಿಯುವವರು ಇದ್ದಾರು. ಅವರಿಗೆ ನನ್ನ ಸಮಜಾಯಿಷಿ ಇಷ್ಟೆ: ಇದು ಆಟದ ಪ್ರಶ್ನೆಯಷ್ಟೇ ಅಲ್ಲ, ಹಣ ಕೊಟ್ಟು ಕೊಂಡ ವಸ್ತುವಿನ ಮೇಲೆ ಕೊಂಡವನ ಹಕ್ಕೇನು ಎಂಬ ಪ್ರಶ್ನೆ. ನಿಮ್ಮ ಕಪಾಟಿನ ಪುಸ್ತಕಗಳಿಗೂ ಈ ಪ್ರಶ್ನೆ ನಾಳೆ ಬರಲಿದೆ, ಬಹುಶಃ ಬಂದಾಗಿದೆ.

ತೊಂಬತ್ತರ ದಶಕದಲ್ಲಿ ನಮ್ಮ ಬಾಲ್ಯದ ಆಟವೆಲ್ಲ ನಕಲಿ ಮಾಲು. ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಚೌಕಾಶಿ ಮಾಡಿ ತಂದ ಟಿವಿ ಗೇಮು, ಅದರ ಹಳದಿ ಬಣ್ಣದ ಕ್ಯಾಸೆಟ್ಟು. ಸಾವಿರಗಟ್ಟಲೆ ಆಟಗಳಿವೆ ಎಂದು ಮೇಲೆ ಅಚ್ಚಾಗಿರುತ್ತಿತ್ತು; ಒಳಗೆ ಹತ್ತಿಪ್ಪತ್ತು ಆಟಗಳೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. 'ಕಾಂಟ್ರಾ' ಮುಗಿಸಿದವನು ಬೀದಿಯ ವೀರ. ಆ ಕ್ಯಾಸೆಟ್ಟುಗಳು ಮನೆಯಿಂದ ಮನೆಗೆ ಸುತ್ತುತ್ತಿದ್ದವು. ಯಾರ ಕ್ಯಾಸೆಟ್ಟು ಯಾರ ಮನೆಯಲ್ಲಿದೆ ಎಂಬ ಲೆಕ್ಕ ತಾಯಂದಿರಿಗೂ ತಿಳಿದಿತ್ತು. ಮುಂದೆ ಸಂಬಳ ಬಂದಾಗ ಅಸಲಿ ಡಿಸ್ಕುಗಳನ್ನು ಕೊಳ್ಳತೊಡಗಿದ್ದು, ಹಳೆಯ ಕಳ್ಳಮಾಲಿನ ಪ್ರಾಯಶ್ಚಿತ್ತವೂ ಹೌದು. ಈಗ ನೋಡಿದರೆ, ಪ್ರಾಮಾಣಿಕನಾಗಿ ಕೊಂಡವನ ಕೈಯಲ್ಲಿಯೇ ಏನೂ ಉಳಿಯದ ಕಾಲ ಬಂದಿದೆ.

ಒಂದು ಉದಾಹರಣೆ ನೋಡಿ. 2014ರ ಡಿಸೆಂಬರಿನಲ್ಲಿ ಯೂಬಿಸಾಫ್ಟ್ ಕಂಪನಿ 'ದ ಕ್ರ್ಯೂ' ಎಂಬ ಕಾರು ಓಟದ ಆಟವನ್ನು ಬಿಡುಗಡೆ ಮಾಡಿತು. ಒಬ್ಬರೇ ಆಡಬಹುದಾಗಿದ್ದರೂ ಅದಕ್ಕೆ ಕಂಪನಿಯ ಸರ್ವರ್ ಸಂಪರ್ಕ ಬೇಕೇ ಬೇಕಿತ್ತು. 2024ರ ಮಾರ್ಚ್ 31ರಂದು ಕಂಪನಿ ಸರ್ವರ್ ನಿಲ್ಲಿಸಿತು. ಡಿಸ್ಕ್ ಕೊಂಡವರ ಕೈಯಲ್ಲಿ ಡಿಸ್ಕ್ ಇದೆ, ಆಟ ಇಲ್ಲ. ಇದರಿಂದ ಸಿಟ್ಟಿಗೆದ್ದ ರಾಸ್ ಸ್ಕಾಟ್ ಎಂಬವರು 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಎಂಬ ಚಳವಳಿ ಆರಂಭಿಸಿದರು. ಯುರೋಪಿನಲ್ಲಿ ಅದರ ಮನವಿಗೆ 2025ರ ಜುಲೈ ವೇಳೆಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಸರ್ವರುಗಳನ್ನು ಎಂದೆಂದಿಗೂ ನಡೆಸಿ ಎಂದು ಅವರು ಕೇಳುತ್ತಿಲ್ಲ. ಅದು ಆಗದ ಮಾತು. ಅಂಗಡಿ ಮುಚ್ಚುವಾಗ ಕೊಂಡವನು ತನ್ನ ಪಾಡಿಗೆ ಆಡಿಕೊಳ್ಳುವಂತೆ ಮಾಡಿ ಹೋಗಿ ಎನ್ನುತ್ತಿದ್ದಾರೆ. ತಾಂತ್ರಿಕವಾಗಿ ಇದು ಕಷ್ಟ ಎಂಬ ಉತ್ತರ ಉದ್ಯಮದಿಂದ ಬಂದಿದೆ. ಆದರೆ ಅದೇ ಯೂಬಿಸಾಫ್ಟ್ 2025ರಲ್ಲಿ 'ದ ಕ್ರ್ಯೂ 2' ಆಟಕ್ಕೆ ಸಂಪರ್ಕವಿಲ್ಲದೆ ಆಡುವ ಸೌಲಭ್ಯವನ್ನು ಕೊಟ್ಟಿತು. ಗದ್ದಲವೆದ್ದ ಮೇಲೆ ಕಷ್ಟ ಸುಲಭವಾಯಿತು ಎಂದುಕೊಳ್ಳಬೇಕೇನೋ.

ಡಿಸ್ಕ್ ಎಂಬುದೇ ಈಗ ಹೆಸರಿಗೆ ಮಾತ್ರ ಉಳಿಯುತ್ತಿದೆ. 2025ರ ಜೂನ್ 5ರಂದು ನಿಂಟೆಂಡೊ 'ಸ್ವಿಚ್ 2' ಯಂತ್ರವನ್ನು ಹೊರತಂದಿತು. ಅದರ ಹಲವು ಆಟಗಳು 'ಗೇಮ್ ಕೀ ಕಾರ್ಡ್' ಎಂಬ ರೂಪದಲ್ಲಿ ಬಂದವು. ಡಬ್ಬಿ ಇದೆ, ಒಳಗೆ ಕಾರ್ಡೂ ಇದೆ. ಕಾರ್ಡಿನಲ್ಲಿ ಆಟವಿಲ್ಲ, ಇಳಿಸಿಕೊಳ್ಳಲು ಅನುಮತಿ ಕೊಡುವ ಕೀಲಿ ಮಾತ್ರ ಇದೆ. ಈ ಕೀಲಿಯನ್ನು ಇನ್ನೊಬ್ಬರಿಗೆ ಕೊಡಬಹುದು, ಮಾರಬಹುದು. ಅಷ್ಟರ ಮಟ್ಟಿಗೆ ಪೂರ್ತಿ ಡೌನ್‌ಲೋಡಿಗಿಂತ ವಾಸಿ. ಆದರೆ ಕಂಪನಿಯ ಉಗ್ರಾಣ ಮುಚ್ಚಿದ ದಿನ ಹೊಸದಾಗಿ ಇಳಿಸಿಕೊಳ್ಳ ಹೊರಟವನಿಗೆ ಅದು ಬಾಗಿಲಿಲ್ಲದ ಮನೆಯ ಬೀಗದ ಕೈ. ಬೇರೆ ದಾರಿಯೇ ಇರಲಿಲ್ಲವೆಂದೂ ಹೇಳುವಂತಿಲ್ಲ: ಅದೇ ಯಂತ್ರಕ್ಕೆ 'ಸೈಬರ್‌ಪಂಕ್ 2077'ರಂಥ ಭಾರೀ ಆಟವನ್ನು ಅದರ ತಯಾರಕರು 64 ಜಿಬಿ ಕಾರ್ಡಿನಲ್ಲಿ ಪೂರ್ತಿಯಾಗಿ ತುಂಬಿಕೊಟ್ಟರು.

ನನ್ನದೇ ಅನುಭವವೊಂದಿದೆ. ಡಿಜಿಟಲ್ ಆಟಗಳನ್ನು ಕೊಳ್ಳಲು ತೆರೆದಿದ್ದ ಖಾತೆಯೊಂದು, ಮೊಬೈಲ್ ನಂಬರ್ ಬದಲಿಸಿದ ಮೇಲೆ ನನ್ನನ್ನು ಒಳಗೆ ಬಿಡಲಿಲ್ಲ. ಮೂರು ವಾರ ಪತ್ರವ್ಯವಹಾರ ನಡೆಸಿದೆ. ಉತ್ತರಿಸಿದ್ದು ಮನುಷ್ಯರೋ ಯಂತ್ರವೋ ಇಂದಿಗೂ ತಿಳಿಯದು. ಪ್ರತಿ ಉತ್ತರವೂ ಅತ್ಯಂತ ವಿನಯದಿಂದ ಕೂಡಿತ್ತು. ಹನ್ನೊಂದು ಆಟಗಳು ಹೋದವು. ಬೆಂಕಿ ಬಿದ್ದಿದ್ದರೆ ವಿಮೆಯನ್ನಾದರೂ ಕೇಳಬಹುದಿತ್ತು.

ಇದರ ಜೊತೆಗೆ ಬೆಲೆಯ ಕಥೆ. ಹಿಂದೆಲ್ಲ ಆಟದ ಯಂತ್ರಕ್ಕೆ ವಯಸ್ಸಾದಂತೆ ಬೆಲೆ ಇಳಿಯುತ್ತಿತ್ತು. 2000ದಲ್ಲಿ ಅಮೆರಿಕದಲ್ಲಿ 299 ಡಾಲರಿಗೆ ಬಂದ ಪ್ಲೇಸ್ಟೇಷನ್ 2, 2009ರಲ್ಲಿ 99 ಡಾಲರಿಗೆ ಸಿಗುತ್ತಿತ್ತು. ನಮ್ಮಂಥವರು ಕಾದು ಕೊಳ್ಳುತ್ತಿದ್ದುದೂ ಆ ಧೈರ್ಯದಿಂದಲೇ. ಪ್ಲೇಸ್ಟೇಷನ್ 5ರ ಕಥೆ ತಿರುಗಾಮುರುಗಾ. 2021ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದಾಗ ಅದರ ಬೆಲೆ 49,990 ರೂಪಾಯಿ. 2022ರ ನವೆಂಬರಿನಲ್ಲಿ 54,990 ಆಯಿತು. ಅಮೆರಿಕದಲ್ಲೂ 2025ರ ಆಗಸ್ಟಿನಲ್ಲಿ 50 ಡಾಲರ್ ಏರಿತು. ತಿಂಗಳ ಬಾಡಿಗೆಯಲ್ಲಿ ನೂರಾರು ಆಟ ಕೊಡುತ್ತೇವೆಂದು ಬಂದ ಮೈಕ್ರೋಸಾಫ್ಟಿನ ಗೇಮ್ ಪಾಸ್ ಅಲ್ಟಿಮೇಟ್, 2025ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಒಂದೇ ಏಟಿಗೆ 20 ಡಾಲರಿನಿಂದ 30 ಡಾಲರಿಗೆ ಜಿಗಿಯಿತು. ಕೇಬಲ್ ಟಿವಿಯವನು ಮೊದಲು ಅಗ್ಗಕ್ಕೆ ತಂತಿ ಎಳೆದು ಆಮೇಲೆ ಏನು ಮಾಡಿದ ಎಂಬುದನ್ನು ನೆನಪಿಟ್ಟುಕೊಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಅನ್ಯಾಯವಾಗಿ ಮಾತನಾಡಬಾರದು: ಈ ಬಾಡಿಗೆ ವ್ಯವಸ್ಥೆಯಿಂದಲೇ ನಾನು 'ಹೈ-ಫೈ ರಶ್' ಎಂಬ ಸೊಗಸಾದ ಆಟವನ್ನು ಕಂಡೆ. ಅದನ್ನು ಮಾಡಿದ ಟೋಕಿಯೊದ ಸ್ಟುಡಿಯೋವನ್ನು ಮೈಕ್ರೋಸಾಫ್ಟ್ 2024ರ ಮೇ ತಿಂಗಳಿನಲ್ಲಿ ಮುಚ್ಚುವುದಾಗಿ ಘೋಷಿಸಿತು. 6,870 ಕೋಟಿ ಡಾಲರ್ ಕೊಟ್ಟು ಆಕ್ಟಿವಿಷನ್ ಬ್ಲಿಜಾರ್ಡ್ ಕಂಪನಿಯನ್ನು ಕೊಂಡು ಆಗಿನ್ನೂ ಏಳು ತಿಂಗಳು. ಕೊನೆಗೆ ಕೊರಿಯಾದ ಕಂಪನಿಯೊಂದು ಆ ಸ್ಟುಡಿಯೋದ ಕೈಹಿಡಿಯಿತು.

ಹಾಗೆಂದು ಆಟಗಳೇ ಸತ್ವಹೀನವಾಗಿವೆ ಎಂದರೆ ಸುಳ್ಳಾಗುತ್ತದೆ. 2025ರಲ್ಲಿ ನಾನು ಆಡಿದ ಅತ್ಯುತ್ತಮ ಆಟ 'ಕ್ಲೇರ್ ಆಬ್ಸ್ಕ್ಯೂರ್: ಎಕ್ಸ್‌ಪೆಡಿಷನ್ 33'. ಫ್ರಾನ್ಸಿನ ಮೊಂಪೆಲಿಯೆ ನಗರದ, ಸುಮಾರು ಮೂವತ್ತು ಜನರ ತಂಡವೊಂದು ಹೊರಗಿನ ಕೆಲವರ ನೆರವು ಪಡೆದು ಮಾಡಿದ್ದು. ದೊಡ್ಡ ಕಂಪನಿಗಳು 70 ಡಾಲರ್ ಕೇಳುವಲ್ಲಿ 50 ಡಾಲರಿಗೆ ಮಾರಿದ್ದು. ಸಾವನ್ನು ಎದುರಿಟ್ಟುಕೊಂಡು ಬದುಕುವವರ ಕಥೆಯದು. ಅದರ ಕೊನೆಯ ಆಯ್ಕೆಯ ಮುಂದೆ ಒಂದು ರಾತ್ರಿಯಿಡೀ ಕಂಟ್ರೋಲರ್ ಕೆಳಗಿಟ್ಟು ಕೂತಿದ್ದೆ. ಇಂಥದ್ದನ್ನು ಹತ್ತು ವರ್ಷ ಬಿಟ್ಟು ತಂಗಿಯ ಮಗನಿಗೆ ಕೊಡಬೇಕೆಂದು ನನಗೆ ಆಸೆ. ಆ ಆಸೆ ಈಡೇರುವುದು ಇನ್ನಾರದೋ ಸರ್ವರಿನ ಮೇಲೆ ನಿಂತಿರಬಾರದು ಎಂಬುದಷ್ಟೇ ನನ್ನ ತಕರಾರು.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಒಂದು ಕಾನೂನು ಮಾಡಿತು. ಡಿಜಿಟಲ್ ಸರಕನ್ನು ಮಾರುವವರು, ಕೊಳ್ಳುವವನಿಗೆ ಸಿಗುವುದು ಪರವಾನಗಿ ಮಾತ್ರವಾಗಿದ್ದರೆ ಅದನ್ನು ಸ್ಪಷ್ಟವಾಗಿ ತಿಳಿಸಲೇಬೇಕು. ನಮ್ಮಲ್ಲಿ 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿತು. ಹಣ ಕಟ್ಟಿ ಆಡುವ ಆಟಗಳನ್ನು ಅದು ನಿಷೇಧಿಸಿತು, ಇ-ಕ್ರೀಡೆಗೆ ಮಾನ್ಯತೆ ಕೊಟ್ಟಿತು. ಮನೆ ಹಾಳುಮಾಡುವ ಜೂಜಿನ ಬಗ್ಗೆ ಸರ್ಕಾರಕ್ಕೆ ಕಾಳಜಿ ಇರಬೇಕಾದುದೇ. ಆದರೆ ಐದು ಸಾವಿರ ರೂಪಾಯಿ ತೆತ್ತು ಆಟ ಕೊಂಡ ಗ್ರಾಹಕನ ಹಕ್ಕಿನ ಮಾತು ಅಲ್ಲಿ ಚರ್ಚೆಗೆ ಬರಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಇ-ವಾಣಿಜ್ಯದ ವ್ಯಾಖ್ಯೆಯಲ್ಲಿ ಡಿಜಿಟಲ್ ಉತ್ಪನ್ನಗಳೂ ಸೇರಿವೆ. ಅದರಡಿ ಎರಡು ನಿಯಮಗಳನ್ನು ಮಾಡಿದರೂ ಸಾಕು: ಈ ಆಟ ಕನಿಷ್ಠ ಇಂಥ ದಿನಾಂಕದವರೆಗೆ ನಡೆಯುತ್ತದೆ ಎಂದು ಮಾರುವಾಗಲೇ ಹೇಳಬೇಕು, ನಿಲ್ಲಿಸುವಾಗ ಸಂಪರ್ಕವಿಲ್ಲದೆ ಆಡುವ ದಾರಿಯನ್ನೋ ಹಣವನ್ನೋ ಕೊಡಬೇಕು. ಹಣ ಹಿಂತಿರುಗಿಸುವುದು ಅಸಾಧ್ಯವೇನಲ್ಲ. 2024ರ ಆಗಸ್ಟ್ 23ರಂದು ಬಿಡುಗಡೆಯಾದ 'ಕಾಂಕಾರ್ಡ್' ಆಟವನ್ನು ಸೋನಿ ಎರಡೇ ವಾರಕ್ಕೆ ನಿಲ್ಲಿಸಿ, ಕೊಂಡವರಿಗೆಲ್ಲ ಹಣ ವಾಪಸು ಕೊಟ್ಟಿತು.

ಇನ್ನು ಎಲ್ಲರೂ ಕಾಯುತ್ತಿರುವ 'ಗ್ರ್ಯಾಂಡ್ ಥೆಫ್ಟ್ ಆಟೊ 6'. ಇದರ ಹಿಂದಿನ ಆಟ ಬಂದದ್ದು 2013ರಲ್ಲಿ. ಹೊಸದು 2025ಕ್ಕೆ ಎಂದರು, ಆಮೇಲೆ 2026ರ ಮೇ ಎಂದರು, 2025ರ ನವೆಂಬರಿನಲ್ಲಿ ಮತ್ತೆ ಮುಂದೂಡಿ 2026ರ ನವೆಂಬರ್ 19 ಎಂದು ಪ್ರಕಟಿಸಿದರು. ಅದರ ತಯಾರಕರಾದ ರಾಕ್‌ಸ್ಟಾರ್ ಕಂಪನಿಗೆ ಬೆಂಗಳೂರಿನಲ್ಲೇ ಸ್ಟುಡಿಯೋ ಇದೆ. 1997ರಲ್ಲಿ ಇಲ್ಲಿ ಹುಟ್ಟಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯನ್ನು ಅದು 2019ರಲ್ಲಿ ಕೊಂಡುಕೊಂಡಿತು. ನಮ್ಮೂರ ಹುಡುಗ ಹುಡುಗಿಯರ ದುಡಿಮೆಯೂ ಅಂಥ ಆಟಗಳಲ್ಲಿ ಸೇರಿದೆ ಎಂಬುದು ನನಗೆ ಹೆಮ್ಮೆಯೇ. ಆದರೂ ಬಿಡುಗಡೆಗೆ ಮೊದಲೇ ದುಡ್ಡು ಕಟ್ಟುವ ಸಾಲಿನಲ್ಲಿ ನಾನು ನಿಲ್ಲಲಾರೆ. ಡಬ್ಬಿಯೊಳಗೆ ಡಿಸ್ಕ್ ಇದೆಯೇ, ಡಿಸ್ಕಿನೊಳಗೆ ಆಟ ಇದೆಯೇ ಎಂದು ಅಂಗಡಿಯವನನ್ನು ಕೇಳಿ, ಉತ್ತರ ಬಂದ ಮೇಲೆ ಜೇಬಿಗೆ ಕೈ ಹಾಕುತ್ತೇನೆ. ತಂಗಿಯ ಮಗನಿಗೂ ಹಾಗೆಯೇ ಮಾಡು ಎಂದಿದ್ದೇನೆ. ಅಷ್ಟು ದಿನ ಕಾಯುವ ತಾಳ್ಮೆ ಅವನಿಗಿಲ್ಲ.