ಶಿಸ್ತಿಲ್ಲದವರು ಯಾರು?

ಕಳೆದ ರಾಜ್ಯೋತ್ಸವದ ರಾತ್ರಿ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಹಿರಿಯರೊಬ್ಬರು, ಎದುರು ಸಾಲಿನಲ್ಲಿ ಎಲೆಯ ಮುಂದೆಯೇ ತೂಕಡಿಸುತ್ತಿದ್ದ ನನ್ನ ಮಗಳನ್ನು ನೋಡಿ, "ಓಟ ಓಟ ಅಂತ ಕಟ್ಟಿಕೊಂಡರೆ ಹೀಗೇ ಸ್ವಾಮಿ. ಈಗಿನ ಮಕ್ಕಳಿಗೆ ಒಂದು ಶಿಸ್ತಿಲ್ಲ" ಎಂದರು. ಅಷ್ಟರಲ್ಲಿ ಪಾಯಸ ಬಂತು, ನಾನು ಉತ್ತರ ಕೊಡಲಿಲ್ಲ. ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಂದು ನಮ್ಮ ಪತ್ರಿಕೆಯ ಮೂಲಕ ಕೊಡುತ್ತಿದ್ದೇನೆ. ಸಂಪಾದಕರು ಕತ್ತರಿ ಆಡಿಸದಿದ್ದರೆ ಕೃತಜ್ಞ.

ಆಗ ರಾತ್ರಿ 10.15 ಆಗಿತ್ತು. ಸಂಜೆ 6ಕ್ಕೆ ಸರಿಯಾಗಿ ಎಂದು ಆಮಂತ್ರಣದಲ್ಲಿ ಅಚ್ಚಾಗಿದ್ದ ಕಾರ್ಯಕ್ರಮದ ದೀಪ ಬೆಳಗಿದ್ದು 7.20ಕ್ಕೆ. ಆಮೇಲೆ ಸ್ವಾಗತ, ಪ್ರಾಸ್ತಾವಿಕ, ಅತಿಥಿಗಳ ಪರಿಚಯ, ಆ ಪರಿಚಯಕ್ಕೊಂದು ಪರಿಚಯ. ಮಕ್ಕಳ ನೃತ್ಯ ಎಲ್ಲಕ್ಕೂ ಕೊನೆಗೆ, ಏಕೆಂದರೆ ಅದನ್ನು ಮೊದಲೇ ಮುಗಿಸಿದರೆ ತಂದೆತಾಯಂದಿರು ಭಾಷಣಕ್ಕೆ ಕೂರುವುದಿಲ್ಲವೆಂಬ ಗುಟ್ಟು ಸಮಿತಿಯವರಿಗೆ ಗೊತ್ತು. ಆ ಹುಡುಗಿ ಅಂದು ಎದ್ದದ್ದು ಬೆಳಗಿನ 4.30ಕ್ಕೆ. ಹೇಳಿದ ಹೊತ್ತಿಗೆ ಮೈದಾನದಲ್ಲಿ ನಿಂತಿದ್ದಳು, ಹೇಳಿದ ಹೊತ್ತಿಗೆ ನಮ್ಮ ಸಭಾಂಗಣದಲ್ಲೂ ಗೆಜ್ಜೆ ಕಟ್ಟಿ ನಿಂತಿದ್ದಳು. ಈಗ ಹೇಳಿ, ಶಿಸ್ತಿಲ್ಲದವರು ಯಾರು?

ನಾವು ಬ್ಯಾಂಕಿನವರು, ವರ್ಗಾವಣೆಯ ಜನ. ಆರು ವರ್ಷದ ಹಿಂದೆ ತಿರುವನಂತಪುರಕ್ಕೆ ಬಂದಾಗ ಯೂನಿವರ್ಸಿಟಿ ಸ್ಟೇಡಿಯಮ್ಮಿನ ಹತ್ತಿರವೇ ಬಾಡಿಗೆ ಮನೆ ಸಿಕ್ಕಿತು. ಅಲ್ಲಿ ಓಡುವ ಮಕ್ಕಳನ್ನು ಕಂಡು ಇವಳೂ ಓಡತೊಡಗಿದಳು. ನಡೆದು ಹೋಗಿ ನಡೆದು ಬರುವಷ್ಟೇ ದೂರ, ಯಾವ ತಕರಾರೂ ಇರಲಿಲ್ಲ. ಎರಡು ವರ್ಷದ ಹಿಂದೆ ಕೊಚ್ಚಿಗೆ ವರ್ಗವಾಯಿತು. ಮನೆ ಕಾಕ್ಕನಾಡಿನಲ್ಲಿ, ಓಟದ ಟ್ರ್ಯಾಕು ಎರ್ನಾಕುಳಂನ ಮಹಾರಾಜಾಸ್ ಕಾಲೇಜು ಮೈದಾನದಲ್ಲಿ. ಹುಡುಗಿಗೆ ಈಗ 14, ಒಂಬತ್ತನೆಯ ತರಗತಿ, ಓಡುವುದು 800 ಮೀಟರ್.

ಕೊಚ್ಚಿಗೆ ಬಂದ ಮೇಲೆ ನಮ್ಮ ಮನೆ ಸಂತೆಯಾಯಿತು. ಸ್ಪೈಕ್ಸ್ ಬೂಟು ಒಂದು ಸಿಕ್ಕಿದರೆ ಇನ್ನೊಂದು ಸ್ಕೂಟರಿನ ಡಿಕ್ಕಿಯಲ್ಲಿ. ಗಣಿತದ ಪುಸ್ತಕ ಟ್ಯೂಷನ್ ಮೇಷ್ಟರ ಮನೆಯಲ್ಲಿ. ಜೂನ್ ಮಳೆಯಲ್ಲಿ ನೆನೆದ ಜರ್ಸಿ ಚೀಲದೊಳಗೇ ಎರಡು ದಿನ ಕೂತು, ಚೀಲ ಬಿಚ್ಚಿದರೆ ಮೂಗು ಮುಚ್ಚಿಕೊಳ್ಳಬೇಕು. ನಾನು ಬೈದೆ. ಒಮ್ಮೆಯಲ್ಲ, ದಿನಾ ಬೈದೆ. ಪಂಕ್ತಿಯ ಹಿರಿಯರು ಆಡಿದ ಮಾತನ್ನು ಅವರಿಗಿಂತ ಒಂದು ವರ್ಷ ಮೊದಲೇ ಆಡಿದವನು ನಾನು.

ಹೆಂಡತಿ ಒಂದು ರಾತ್ರಿ ಕಾಗದ ಪೆನ್ನು ತಂದು ಮುಂದಿಟ್ಟಳು. "ದಿನಾ ಬ್ಯಾಂಕಿನಲ್ಲಿ ಲೆಕ್ಕ ಹೊಂದಿಸುತ್ತೀರಲ್ಲ, ಇದನ್ನೂ ಹೊಂದಿಸಿ" ಎಂದಳು. ಬರೆದೆ. ಶಾಲೆ, ಬಸ್ಸು ಸೇರಿ 8.30 ಗಂಟೆ. ಓಟದ ಅಭ್ಯಾಸ 2, ಹೋಗಿಬರಲು 1. ಟ್ಯೂಷನ್ 2. ಹೋಂವರ್ಕ್ 2. ಸ್ನಾನ, ಊಟ, ತಿಂಡಿ, ಜಡೆ, ಎಲ್ಲಾ ಸೇರಿ 2. ಒಟ್ಟು 17.30 ಗಂಟೆ. ಉಳಿದದ್ದು 6.30. ಈ ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ವೈದ್ಯರು ಹೇಳುತ್ತಾರೆ. ಅದು ಎಲ್ಲ ಮಕ್ಕಳ ಮಾತು. ಮೈ ದಣಿಸುವ ಮಗುವಿಗೆ ಕಡಿಮೆಯಾದರೆ ಹೇಗೆ? ಈ ಲೆಕ್ಕದಲ್ಲಿ ಸಂಗೀತ ಪಾಠ ಇನ್ನೂ ಬಂದಿಲ್ಲ, ಭಾನುವಾರದ ಕನ್ನಡ ತರಗತಿ ಬಂದಿಲ್ಲ, ಸಂಘದ ರಿಹರ್ಸಲ್ ಬಂದಿಲ್ಲ. ಖಾತೆಯಲ್ಲಿ ಹಣವಿಲ್ಲದೆ ಚೆಕ್ಕಿನ ಮೇಲೆ ಚೆಕ್ಕು ಬರೆದವರು ನಾವು, ಅದು ವಾಪಸು ಬಂದಾಗ ಬೈಸಿಕೊಳ್ಳುವವಳು ಅವಳು!

"ಪಿ.ಟಿ. ಉಷಾ ಮಾಡಲಿಲ್ಲವೇ?" ಎಂದು ಕೇಳುವವರಿದ್ದಾರೆ. ಕೇರಳದಲ್ಲಿದ್ದುಕೊಂಡು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ. ಸರಿ, ಉಷಾರ ವಿಷಯವನ್ನೇ ನೋಡೋಣ. ಪಯ್ಯೋಳಿಯ ಆ ಹುಡುಗಿ 1976ರಲ್ಲಿ ಸೇರಿದ್ದು ಕಣ್ಣೂರಿನ ಕ್ರೀಡಾ ವಿಭಾಗಕ್ಕೆ. ಹೆಣ್ಣುಮಕ್ಕಳಿಗೆಂದೇ ಸರ್ಕಾರ ಆಗಷ್ಟೇ ತೆರೆದಿತ್ತು. ಹಾಸ್ಟೆಲು, ಶಾಲೆ, ತರಬೇತಿ ಎಲ್ಲಕ್ಕೂ ಅಲ್ಲಿ ಏರ್ಪಾಡಿತ್ತು. ಕೋಚ್ ಓ.ಎಂ. ನಂಬಿಯಾರ್ ಆಕೆಗೆ ತರಬೇತಿ ಕೊಟ್ಟದ್ದೂ ಅಲ್ಲಿಯೇ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ 400 ಮೀಟರ್ ಹರ್ಡಲ್ಸಿನಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗದಿಂದ ಕಂಚು ತಪ್ಪಿಹೋಯಿತಲ್ಲ, ಅಲ್ಲಿಯವರೆಗೆ ಆ ಓಟವನ್ನು ಒಯ್ದದ್ದು ಕಾಲಿನ ಬಲವೊಂದೇ ಅಲ್ಲ. ತಿರುವನಂತಪುರದ ಜಿ.ವಿ. ರಾಜಾ ಕ್ರೀಡಾ ಶಾಲೆಯೂ ವಸತಿ ಶಾಲೆಯೇ. ಇಂತಹ ಕಡೆ ಗಂಟೆ ಹೊಡೆಯಲು ಒಬ್ಬರಿರುತ್ತಾರೆ, ಗಂಜಿ ಬೇಯಿಸಲು ಒಬ್ಬರಿರುತ್ತಾರೆ. ಮನೆಯಲ್ಲಿದ್ದುಕೊಂಡು ಓಡುವ ಮಗು ಮಾತ್ರ ಗಂಟೆಯನ್ನೂ ತಾನೇ ಹೊಡೆದುಕೊಂಡು ತಾನೇ ಓಡಬೇಕೆಂದರೆ ಯಾವ ನ್ಯಾಯ?

ಇನ್ನು ನಮ್ಮವರದೇ ಉದಾಹರಣೆ ಎಂದು ಅನಿಲ್ ಕುಂಬ್ಳೆಯವರ ಹೆಸರು ವೇದಿಕೆಯ ಮೇಲೆ ಬಾರದ ವರ್ಷವಿಲ್ಲ. 1990ರಲ್ಲಿ ಟೆಸ್ಟ್ ಆಡಿದರು, ಎಂಜಿನಿಯರಿಂಗನ್ನೂ ಮುಗಿಸಿದರು, ನಿಜ. ಮನೆಯಲ್ಲಿ ಅವರಿಗಾಗಿ ಬೆಳಗ್ಗೆ ಯಾರು ಏಳುತ್ತಿದ್ದರು ಎಂದು ಭಾಷಣಕಾರರು ಯಾರೂ ಕೇಳಿದ್ದಿಲ್ಲ. 1986ರ ಸೋಲ್ ಏಷ್ಯನ್ ಕ್ರೀಡೆಗಳಲ್ಲಿ ಉಷಾ, ಶೈನಿ ಅಬ್ರಹಾಂ, ವತ್ಸಮ್ಮ ಎಂಬ ಮೂವರು ಕೇರಳದ ಹೆಣ್ಣುಮಕ್ಕಳ ಜೊತೆ ರಿಲೇ ಚಿನ್ನ ಗೆದ್ದ ನಾಲ್ಕನೆಯವರು ಕರ್ನಾಟಕದ ವಂದನಾ ರಾವ್. ಕೇರಳದಲ್ಲಿ ಬಾಳುವ ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ಹೆಸರು ಬೇಕೆ? ನಮ್ಮ ವೇದಿಕೆಯಲ್ಲಿ ಅದು ಒಮ್ಮೆಯೂ ಕೇಳಿದ ನೆನಪಿಲ್ಲ.

ನಮ್ಮ ಪೈಕಿ ಬಹಳ ಮಂದಿ ಈ ಊರಿಗೆ ಹೋಟೆಲಿನ ಕಸುಬಿನಿಂದ ಬಂದವರು. ನಾಳೆ ಬೆಳಗಿನ ಇಡ್ಲಿಗೆ ಇಂದೇ ಅಕ್ಕಿ ಉದ್ದು ನೆನೆಹಾಕಬೇಕೆಂದು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬೆಳಗ್ಗೆ ಎದ್ದು ಉದ್ದು ಹುಡುಕುವ ಹೋಟೆಲು ಎಷ್ಟು ದಿನ ನಡೆದೀತು? ನಮ್ಮ ಮನೆಯಲ್ಲೂ ಕೊನೆಗೆ ಮಾಡಿದ್ದು ಇಷ್ಟೇ. ರಾತ್ರಿ ಊಟವಾದ ಮೇಲೆ ಚೀಲ ತುಂಬಿ ಬಾಗಿಲ ಬಳಿ ಇಡುವುದು. ಒದ್ದೆ ಬೂಟಿನೊಳಗೆ ಹಳೆಯ ಪತ್ರಿಕೆ ತುರುಕಿಡುವುದು (ನಮ್ಮ ಮಾಸಪತ್ರಿಕೆಯಲ್ಲ, ದಿನಪತ್ರಿಕೆ). ಗೋಡೆಯ ಪಂಚಾಂಗದಲ್ಲಿ ಪರೀಕ್ಷೆಗೆ ಕೆಂಪು, ಓಟದ ಸ್ಪರ್ಧೆಗೆ ನೀಲಿ ಗುರುತು. ಬೆಳಗ್ಗೆ ಕರೆದೊಯ್ಯುವುದು ನನ್ನ ಪಾಲಿಗೆ ಬಂತು. ಅಲ್ಲಿಯವರೆಗೆ ಅದನ್ನೂ ಹೆಂಡತಿಯೇ ಮಾಡುತ್ತಿದ್ದಳೆಂದು ಬರೆಯಲು ನಾಚಿಕೆಯಾಗುತ್ತದೆ. ಇಷ್ಟಾದರೂ ಗಂಟೆ ಸಾಲಲಿಲ್ಲ. ಚೀಲವನ್ನು ಎಷ್ಟು ಚೆನ್ನಾಗಿ ಜೋಡಿಸಿದರೂ ಹಿಡಿಸುವಷ್ಟೇ ಹಿಡಿಸುತ್ತದೆ. ವಾರಕ್ಕೆ ಮೂರು ದಿನದ ಟ್ಯೂಷನ್ ಬಿಡಿಸಿದೆವು. ಸಂಗೀತ ಅವಳೇ ಬಿಟ್ಟಳು. ಅಂಕ? ಅರ್ಧವಾರ್ಷಿಕದಲ್ಲಿ ಗಣಿತದಲ್ಲಿ ಆರು ಅಂಕ ಇಳಿಯಿತು, ಸುಳ್ಳು ಹೇಳುವುದಿಲ್ಲ. ನಿದ್ದೆ ಒಂದೂವರೆ ಗಂಟೆ ಏರಿತು. ಈ ಬದಲಿ ನನಗೆ ನಷ್ಟವೆಂದು ತೋರಿಲ್ಲ.

ಮುಂದಿನ ವರ್ಷ ಹತ್ತನೆಯ ತರಗತಿ. ಈಗಲೇ ಫೋನಿನ ಮೇಲೆ ಫೋನು. "ಇನ್ನು ಓಟ ನಿಲ್ಲಿಸುತ್ತೀರಿ ತಾನೇ?" ರಾಜ್ಯ ಪಠ್ಯಕ್ರಮದಲ್ಲಿ ಓದುವ ಮಕ್ಕಳಾದರೆ ಮಾತು ಬೇರೆ: ಗ್ರೇಸ್ ಮಾರ್ಕು ಬರುವವರೆಗೆ ಓಡಲಿ, ಆಮೇಲೆ ನಿಲ್ಲಲಿ. ಅಂದರೆ ಓಟ ಎಂಬುದು ಅಂಕಪಟ್ಟಿಗೆ ಹಚ್ಚುವ ಒಗ್ಗರಣೆ! ನಮ್ಮ ಸಂಘದ ಮನೆಗಳಲ್ಲೇ ಹೀಗೆ ಓಟ ನಿಲ್ಲಿಸಿದ ಮೂವರು ಹೆಣ್ಣುಮಕ್ಕಳನ್ನು ನಾನು ಬಲ್ಲೆ. ಹುಡುಗರು ಸಂಜೆ ಕ್ರಿಕೆಟ್ಟಿಗೆ ಹೋಗುವುದು ಮಾತ್ರ ನಿಂತಿಲ್ಲ. ಆ ಮೂವರಲ್ಲಿ ಒಬ್ಬಳು ನನ್ನ ಮಗಳಿಗೆ ತನ್ನ ಸ್ಪೈಕ್ಸ್ ಕೊಟ್ಟಳು, ಇನ್ನೂ ಸವೆದಿರಲಿಲ್ಲ. 2024ರ ನವೆಂಬರಿನಲ್ಲಿ ರಾಜ್ಯ ಶಾಲಾ ಕ್ರೀಡಾಕೂಟ ಕೊಚ್ಚಿಯಲ್ಲೇ ನಡೆದಾಗ ಇಬ್ಬರೂ ಒಟ್ಟಿಗೆ ನೋಡಲು ಹೋಗಿದ್ದರು. ಹಿಂದಿರುಗುವಾಗ ಆ ದೊಡ್ಡ ಹುಡುಗಿ ದಾರಿಯುದ್ದಕ್ಕೂ ಮಾತಾಡಲಿಲ್ಲವಂತೆ.

ಆದ್ದರಿಂದ ಕಾರ್ಯಕಾರಿ ಸಮಿತಿಯ ಮಹನೀಯರಲ್ಲಿ ನನ್ನ ಬಿನ್ನಹ ದೊಡ್ಡದೇನಲ್ಲ. ಕಾರ್ಯಕ್ರಮ 6ಕ್ಕೆ ಎಂದರೆ 6ಕ್ಕೇ ಆರಂಭವಾಗಲಿ, ಮಕ್ಕಳ ಭಾಗ ಮೊದಲು ಮುಗಿಯಲಿ. ಭಾನುವಾರದ ರಿಹರ್ಸಲ್ ರಾತ್ರಿ 7ರ ಬದಲು ಮಧ್ಯಾಹ್ನ 3ಕ್ಕೆ ಇಡಿ. ಇದು ಆಗದೆಂದಾದರೆ ಹಾಗೆಂದು ಇದೇ ಪತ್ರಿಕೆಯಲ್ಲಿ ಬರೆಯಿರಿ. ಯುಗಾದಿಯ ಕಾರ್ಯಕ್ರಮಕ್ಕೆ ನಾವು ಮೂವರೂ ಬರುತ್ತೇವೆ, ಹೇಳಿದ ಹೊತ್ತಿಗೇ ಬರುತ್ತೇವೆ. 8.30ಕ್ಕೆ ಯಾರ ಭಾಷಣ ನಡೆಯುತ್ತಿದ್ದರೂ ಎದ್ದು ಹೊರಡುತ್ತೇವೆ. ಊಟದ ಲೆಕ್ಕದಲ್ಲಿ ನಮ್ಮ ಮೂರು ಎಲೆ ಸೇರಿಸಬೇಡಿ.