ಚಿತ್ರೋದ್ಯಮವೂ ಹೊರನಾಡಿನ ಗ್ರಾಹಕನೂ

ದೇಹೂ ರೋಡ್: ಕನ್ನಡ ಚಲನಚಿತ್ರಗಳಿಗಾಗಿ ಓಟಿಟಿ ವೇದಿಕೆಯೊಂದನ್ನು ಅಂತರ್ಜಾಲದಲ್ಲಿ ಏರ್ಪಡಿಸಲು ಪ್ರೋತ್ಸಾಹ ನೀಡಲಾಗುವುದೆಂದು 2025ರ ಮಾರ್ಚ್ 7ರಂದು ಮಂಡಿಸಿದ ಆಯವ್ಯಯದಲ್ಲಿ ಮುಖ್ಯಮಂತ್ರಿ ಶ್ರೀ ಸಿದ್ದರಾಮಯ್ಯನವರು ಸಾರಿದರು. ಚಿತ್ರಮಂದಿರದ ಟಿಕೇಟಿನ ದರವು 200 ರೂಪಾಯಿಗಳನ್ನು ಮೀರಕೂಡದೆಂಬ ಮಾತೂ ಅದೇ ಆಯವ್ಯಯದಲ್ಲಿತ್ತು. ಟಿಕೇಟಿನ ಮಾತು ಬೀದಿಬೀದಿಗಳಲ್ಲಿ ಚರ್ಚೆಯಾಗಿ, ಸೆಪ್ಟೆಂಬರಿನಲ್ಲಿ ನಿಯಮವಾಗಿ, ಕೂಡಲೇ ಉಚ್ಚ ನ್ಯಾಯಾಲಯದ ತಡೆಯಾಜ್ಞೆಗೂ ಒಳಗಾಯಿತು. ಓಟಿಟಿಯ ಮಾತಾದರೋ ಅಷ್ಟೊಂದು ಸದ್ದು ಮಾಡಲಿಲ್ಲ. ಅದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಟಿಕೇಟಿನ ದರವು ಕರ್ನಾಟಕದೊಳಗಿರುವವರ ಜೇಬಿಗೆ ಸಂಬಂಧಿಸಿದ್ದು. ಓಟಿಟಿಯು ಮುಖ್ಯವಾಗಿ ಹೊರನಾಡಿನಲ್ಲಿರುವ ನಮ್ಮಂಥವರ ಕಣ್ಣು ಕಿವಿಗಳಿಗೆ ಸಂಬಂಧಿಸಿದ್ದು. ಮನೆಯಲ್ಲಿಲ್ಲದವನ ಎಲೆಯನ್ನು ಯಾರೂ ಮೊದಲು ಹಾಕುವುದಿಲ್ಲವಷ್ಟೆ!

ನಮ್ಮ ಈ ಊರನ್ನೇ ನೋಡೋಣ. ಸೇನೆಯ ಮದ್ದುಗುಂಡಿನ ಉಗ್ರಾಣ, ಆಯುಧ ಕಾರ್ಖಾನೆ, ಹಳೆಯ ಮುಂಬಯಿ–ಪುಣೆ ಹೆದ್ದಾರಿಯ ಇಕ್ಕೆಲದ ಅಂಗಡಿ ಹೋಟೆಲುಗಳು, ಆಚೆಗೆ ಪಿಂಪ್ರಿ–ಚಿಂಚವಡದ ಯಂತ್ರಶಾಲೆಗಳು — ಇವುಗಳಲ್ಲಿ ದುಡಿಯುವ ಕನ್ನಡಿಗರು ದಕ್ಷಿಣ ಕನ್ನಡದಿಂದ ಬಂದವರಿದ್ದಾರೆ, ವಿಜಾಪುರ ಕಲಬುರ್ಗಿಗಳಿಂದ ಬಂದವರಿದ್ದಾರೆ. ಮಕ್ಕಳು ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷುಗಳನ್ನು ಕಲಿಯುತ್ತವೆ. ಅವರ ಕಿವಿಗೆ ಮನೆಯ ಹೊರಗಿನ ಕನ್ನಡವು ಬೀಳುವುದು ಸಂಘದ ವಾರ್ಷಿಕೋತ್ಸವದಲ್ಲಿ, ಇಲ್ಲವೆ ಚಲನಚಿತ್ರದಲ್ಲಿ. ಆ ಚಲನಚಿತ್ರವಾದರೂ ಪುಣೆಯ ಬೆರಳೆಣಿಕೆಯ ಚಿತ್ರಮಂದಿರಗಳಿಗೆ ಬಂದು, ಕೆಲವೇ ದಿನ ನಿಂತು, ಹೊರಟುಹೋಗುತ್ತದೆ. ಪಾಳಿಯಲ್ಲಿ ದುಡಿಯುವವನಿಗೂ, ಬೆಳಗಿನ ಐದಕ್ಕೆ ಒಲೆ ಹಚ್ಚಿ ರಾತ್ರಿ ಹನ್ನೊಂದಕ್ಕೆ ಬಾಗಿಲೆಳೆಯುವ ಹೋಟೆಲಿನವನಿಗೂ ಅದು ದಕ್ಕುವುದಿಲ್ಲ. ಆತನು ಹಣ ಕೊಡಲು ಒಲ್ಲದವನಲ್ಲ. ಕೈಯಲ್ಲಿ ಹಣ ಹಿಡಿದು ನಿಂತಿದ್ದಾನೆ. ಸರಕು ಎಲ್ಲಿ ದೊರೆಯುವುದೆಂದು ಹೇಳುವವರಿಲ್ಲ. ಚಿತ್ರವು ಓಟಿಟಿಗೆ ಎಂದು ಬರುವುದು, ಯಾವ ಕಂಪನಿಯಲ್ಲಿ ಬರುವುದು, ಬರುವುದೋ ಇಲ್ಲವೋ — ಇದೊಂದೂ ಬಿಡುಗಡೆಯ ದಿನದಂದು ತಿಳಿಯದು.

ಈ ಅವ್ಯವಸ್ಥೆಗೆ ಯಂತ್ರದ ಕೊರತೆ ಕಾರಣವಲ್ಲ. ಯಂತ್ರವು ಪ್ರತಿಯೊಬ್ಬನ ಅಂಗೈಯಲ್ಲಿದೆ. ಹೊಸ ಸಾಧನವು ಬಂದಾಗಲೆಲ್ಲ ಅದನ್ನು ಶತ್ರುವೆಂದೇ ಬಗೆಯುವ ವ್ಯಾಪಾರಿಗಳ ಮನೋಭಾವವೇ ಕಾರಣವೆಂಬುದು ನಮ್ಮ ಅಭಿಪ್ರಾಯ. ಈ ಮನೋಭಾವವು ಇಂದಿನದಲ್ಲ.

1952ರಲ್ಲಿ ಶ್ರೀ ಬಿ. ವಿ. ಕೇಸ್ಕರರು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದರು. ಚಿತ್ರಗೀತೆಗಳು ಜನರ ಅಭಿರುಚಿಯನ್ನು ಕೆಡಿಸುತ್ತವೆಂದು ಅವರ ಮತ. ಆಕಾಶವಾಣಿಗೂ ಚಿತ್ರನಿರ್ಮಾಪಕರಿಗೂ ಜಗಳ ಬಿದ್ದು, ನಿರ್ಮಾಪಕರು ಹಾಡುಗಳ ಪರವಾನಿಗೆಯನ್ನೇ ಹಿಂದೆಗೆದುಕೊಂಡರು. ಸಚಿವರು ಸಂಸ್ಕೃತಿಯನ್ನು ಕಾಯ್ದರು, ನಿರ್ಮಾಪಕರು ಹಕ್ಕನ್ನು ಕಾಯ್ದರು. ಶ್ರೋತೃವನ್ನು ಕಾಯುವವರು ಯಾರೂ ಇರಲಿಲ್ಲ. ಆತನು ಸುಮ್ಮನೆ ಕುಳಿತನೇ? ರೇಡಿಯೋದ ಮುಳ್ಳನ್ನು ತಿರುಗಿಸಿ ಸಿಲೋನಿಗೆ ಹೋದನು. ಅದೇ ವರ್ಷದ ಡಿಸೆಂಬರಿನಲ್ಲಿ ಆರಂಭವಾದ ಬಿನಾಕಾ ಗೀತಮಾಲೆಯು ದೇಶದ ಮನೆಮಾತಾಯಿತು. ಜಾಹೀರಾತಿನ ಹಣವು ಸಮುದ್ರ ದಾಟಿತು. ಕೊನೆಗೆ 1957ರ ಅಕ್ಟೋಬರ್ 3ರಂದು ಆಕಾಶವಾಣಿಯೇ ವಿವಿಧಭಾರತಿಯನ್ನು ತೆರೆಯಬೇಕಾಯಿತು. ಐದು ವರ್ಷಗಳ ಹಠದಿಂದ ಯಾರಿಗೆ ಏನು ಲಾಭವಾಯಿತು?

ಅಮೆರಿಕೆಯಲ್ಲಿಯೂ ಹೀಗೆಯೇ ನಡೆಯಿತು. ಮನೆಯಲ್ಲಿ ಟೆಲಿವಿಷನ್ ಕಾರ್ಯಕ್ರಮಗಳನ್ನು ಧ್ವನಿಚಿತ್ರಮುದ್ರಣ ಮಾಡಿಕೊಳ್ಳುವ ಸೋನಿ ಕಂಪನಿಯ ಯಂತ್ರವು ಬಂದಾಗ, ಯೂನಿವರ್ಸಲ್ ಮತ್ತು ಡಿಸ್ನಿ ಸಂಸ್ಥೆಗಳು ನ್ಯಾಯಾಲಯವನ್ನೇರಿದವು. 1984ರ ಜನವರಿಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಐದಕ್ಕೆ ನಾಲ್ಕರ ಬಹುಮತದಿಂದ ಯಂತ್ರದ ಪರವಾಗಿ ತೀರ್ಪಿತ್ತಿತು. ಒಂದು ಮತ ಆಚೆಗೆ ಹೋಗಿದ್ದರೆ ಆ ಯಂತ್ರಕ್ಕೆ ಉಳಿಗಾಲವಿರುತ್ತಿರಲಿಲ್ಲ. ಮುಂದೆ ಆದುದೇನು? ಕೆಲವೇ ವರ್ಷಗಳಲ್ಲಿ ಹಾಲಿವುಡ್ಡಿನ ನಿರ್ಮಾಪಕರಿಗೆ ಚಿತ್ರಮಂದಿರದ ಗಲ್ಲಾಪೆಟ್ಟಿಗೆಗಿಂತ ವೀಡಿಯೋ ಕ್ಯಾಸೆಟ್ಟಿನಿಂದಲೇ ಹೆಚ್ಚಿನ ಹಣ ಬರತೊಡಗಿತು. ಕೊಲ್ಲಹೊರಟ ಹಸುವೇ ಹಾಲು ಕೊಟ್ಟಿತು.

ಇನ್ನು ನಮ್ಮ ಕನ್ನಡ ಚಿತ್ರರಂಗದ ಡಬ್ಬಿಂಗ್ ಪ್ರಕರಣವನ್ನು ನೆನೆಯಬೇಕು. 1943ರ ಕನ್ನಡ ಚಿತ್ರ ಸತ್ಯ ಹರಿಶ್ಚಂದ್ರವನ್ನು ಎ. ವಿ. ಮೆಯ್ಯಪ್ಪನ್ ಅವರು ತಮಿಳಿಗೆ ಡಬ್ ಮಾಡಿ ಬಿಡುಗಡೆ ಮಾಡಿದರು. ನಮ್ಮ ದೇಶದಲ್ಲಿ ಈ ವಿದ್ಯೆಯ ಮೊದಮೊದಲ ಫಲವೇ ಕನ್ನಡದ್ದು! ಆದರೆ 1960ರ ದಶಕದಲ್ಲಿ ಕನ್ನಡಕ್ಕೆ ಡಬ್ಬಿಂಗ್ ಬೇಡವೆಂಬ ಚಳವಳಿ ಎದ್ದಿತು. ಆಗಿನ ಕಾಲಕ್ಕೆ ಅದರಲ್ಲಿ ನ್ಯಾಯವಿಲ್ಲದಿರಲಿಲ್ಲ. ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳನ್ನು ನೆಚ್ಚಿಕೊಂಡಿದ್ದ ಕಾಲವದು. ಡಬ್ ಆದ ಚಿತ್ರಗಳ ಪ್ರವಾಹ ಬಂದರೆ ನಮ್ಮ ಕಲಾವಿದರಿಗೆ ಅನ್ನವಿಲ್ಲದಂತಾಗುವುದೆಂಬ ಭೀತಿಯು ಸಹಜವಾಗಿತ್ತು. ಎಳೆಯ ಗಿಡಕ್ಕೆ ಬೇಲಿ ಬೇಕು. ಆದರೆ ಗಿಡವು ಮರವಾದ ಮೇಲೂ ಬೇಲಿಯನ್ನು ಕೀಳದಿದ್ದರೆ, ಅದರ ನೆರಳಿಗೆ ಬರುವ ದಾರಿಹೋಕನೇ ಹೊರಗುಳಿಯುತ್ತಾನೆ. ಕಾನೂನಿನಲ್ಲಿ ಎಲ್ಲಿಯೂ ಇಲ್ಲದ ಆ ನಿಷೇಧವು ಅರ್ಧ ಶತಮಾನದ ಕಾಲ ನಡೆಯಿತು. ಕೊನೆಗೆ ಕನ್ನಡ ಗ್ರಾಹಕರ ಕೂಟವು 2012ರಲ್ಲಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರಿತ್ತಿತು. 2015ರ ಜುಲೈ 27ರಂದು ಆಯೋಗವು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯೇ ಮೊದಲಾದ ಸಂಘಗಳಿಗೆ ದಂಡ ವಿಧಿಸಿ, ಡಬ್ಬಿಂಗನ್ನು ತಡೆಯುವುದು ಸ್ಪರ್ಧೆಗೆ ಅಡ್ಡಿಯೆಂದು ಆದೇಶವಿತ್ತಿತು. ತರುವಾಯ ಕನ್ನಡ ಚಿತ್ರರಂಗವು ಮುಳುಗಿತೇ? 2018ರ ಕೆಜಿಎಫ್, 2022ರ ಕಾಂತಾರ ಚಿತ್ರಗಳು ಅದೇ ಡಬ್ಬಿಂಗಿನ ಬಲದಿಂದ ದೇಶವನ್ನೆಲ್ಲ ಗೆದ್ದವು. ಬರುವುದನ್ನು ತಡೆಯುತ್ತಿದ್ದ ಬಾಗಿಲಿನಿಂದಲೇ ಹೋಗುವವರಿಗೆ ಐಶ್ವರ್ಯ ದೊರೆಯಿತು.

ಇಷ್ಟು ಅನುಭವವಿದ್ದರೂ ಅಂತರ್ಜಾಲವು ಬಂದಾಗ ಅದೇ ಹಳೆಯ ಹಾಡು. 2013ರಲ್ಲಿ ಕಮಲಹಾಸನ್ ಅವರು ವಿಶ್ವರೂಪಂ ಚಿತ್ರವನ್ನು ಮನೆಯ ಡಿಟಿಎಚ್‌ನಲ್ಲಿಯೇ ಮೊದಲು ತೋರಿಸಲು ಹೊರಟಾಗ ಚಿತ್ರಮಂದಿರದ ಒಡೆಯರು ಬಹಿಷ್ಕಾರದ ಬೆದರಿಕೆ ಹಾಕಿ ತಡೆದರು. 2020ರಲ್ಲಿ ಕೋವಿಡ್ ನಿಮಿತ್ತ ಚಿತ್ರಮಂದಿರಗಳ ಬಾಗಿಲುಗಳೇ ಮುಚ್ಚಿದ್ದಾಗ ದಿವಂಗತ ಪುನೀತ್ ರಾಜಕುಮಾರರ ಸಂಸ್ಥೆಯ ಲಾ ಮತ್ತು ಫ್ರೆಂಚ್ ಬಿರಿಯಾನಿ ಎಂಬೆರಡು ಕನ್ನಡ ಚಿತ್ರಗಳು ಆ ಜುಲೈಯಲ್ಲಿ ನೇರವಾಗಿ ಅಂತರ್ಜಾಲಕ್ಕೆ ಬಂದವು. ಅಂಥ ನೇರ ಬಿಡುಗಡೆಗಳಿಗೆ ದೇಶದ ದೊಡ್ಡ ಮಲ್ಟಿಪ್ಲೆಕ್ಸ್ ಕಂಪನಿಗಳು ಬಹಿರಂಗವಾಗಿಯೇ ಅಸಮಾಧಾನವನ್ನು ತೋರಿದವು. ನಮ್ಮಂಥವರಿಗಾದರೋ, ಬೆಂಗಳೂರಿನವನು ನೋಡಿದ ದಿನವೇ ದೇಹೂ ರೋಡಿನವನೂ ಕನ್ನಡ ಚಿತ್ರವನ್ನು ನೋಡಬಹುದಾದ ಸಂದರ್ಭ ಅದಾಗಿತ್ತು.

ಚಿತ್ರಮಂದಿರದವರ ಕಷ್ಟವನ್ನು ನಾವು ಅರಿಯದವರಲ್ಲ. ಕಟ್ಟಡ, ಕರೆಂಟು, ಕೂಲಿ, ತೆರಿಗೆ — ಇವುಗಳ ಭಾರ ಎಂಥದೆಂಬುದು ನಾಲ್ಕು ಗೋಡೆಯ ನಡುವೆ ವ್ಯಾಪಾರ ಮಾಡಿದ ಯಾವನಿಗೂ ಗೊತ್ತು. 1968ರಲ್ಲಿ ಆರಂಭವಾದ ಬೆಂಗಳೂರಿನ ಕಪಾಲಿಯಂಥ ಚಿತ್ರಮಂದಿರವೇ 2017ರಲ್ಲಿ ಮುಚ್ಚಿತು. ಅವರಿಗೆ ಕೆಲವು ವಾರಗಳ ಮೊದಲ ಹಕ್ಕು ಬೇಕೆಂಬುದು ನ್ಯಾಯವಾದ ಬೇಡಿಕೆಯೇ. ಹಿಂದೀ ಚಿತ್ರಗಳಿಗೆ ಎಂಟು ವಾರಗಳ ಅಂತರವನ್ನು ಮಲ್ಟಿಪ್ಲೆಕ್ಸಿನವರು ಕೇಳಿ ಪಡೆದಿದ್ದಾರೆ. ಕಾಂತಾರದ ಹಿಂದೀ ಆವೃತ್ತಿಯು 2022ರ ಅಕ್ಟೋಬರ್ 14ರಂದು ಚಿತ್ರಮಂದಿರಕ್ಕೂ, ಸರಿಯಾಗಿ ಎಂಟು ವಾರಗಳ ಮೇಲೆ ಡಿಸೆಂಬರ್ 9ರಂದು ಓಟಿಟಿಗೂ ಬಂದಿತು. ಅವಧಿಯು ಗೊತ್ತಿದ್ದರೆ ಗ್ರಾಹಕನು ಕಾಯುತ್ತಾನೆ. ಆತನನ್ನು ಕೆರಳಿಸುವುದು ಕಾಯುವಿಕೆಯಲ್ಲ, ಅನಿಶ್ಚಯ.

ಹಾಗೆಂದು ಹೊಸ ಕಂಪನಿಗಳೆಲ್ಲ ಗ್ರಾಹಕನ ಬಂಧುಗಳೆಂದು ಭ್ರಮಿಸುವುದೂ ಬೇಡ. ಶ್ರೀ ರಕ್ಷಿತ್ ಶೆಟ್ಟಿಯವರ ಸಂಸ್ಥೆಯು ಕರಾವಳಿಯ ಕಥೆಗಳುಳ್ಳ ಏಕಮ್ ಎಂಬ ಧಾರಾವಾಹಿಯನ್ನು ಸಿದ್ಧಪಡಿಸಿ ಓಟಿಟಿ ಕಂಪನಿಗಳ ಬಾಗಿಲು ತಟ್ಟಿದಾಗ ಒಂದೂ ತೆರೆಯಲಿಲ್ಲ. 2024ರ ಜುಲೈಯಲ್ಲಿ ಅವರು ತಮ್ಮದೇ ಆದ ಅಂತರ್ಜಾಲ ತಾಣವನ್ನು ಮಾಡಿ ಬಿಡುಗಡೆ ಮಾಡಬೇಕಾಯಿತು. ಹಳೆಯ ಕಾವಲುಗಾರನು ಹೋಗಿ ಹೊಸ ಕಾವಲುಗಾರನು ಬಂದುದರಿಂದ ಮಾತ್ರ ಬಾಗಿಲು ತೆರೆದಂತಾಗುವುದಿಲ್ಲ.

ಟೆಲಿವಿಷನ್ನಿನ ಕಥೆಯೂ ಭಿನ್ನವಲ್ಲ. ಒಂದೆರಡು ಕನ್ನಡ ವಾಹಿನಿಗಳು ಬೇಕೆಂದವನು ಹಿಂದೆ ತನಗೆ ಬೇಡವಾದ ಹತ್ತಾರು ವಾಹಿನಿಗಳ ಕಟ್ಟನ್ನೇ ಕೊಳ್ಳಬೇಕಾಗುತ್ತಿತ್ತು. ಮಜ್ಜಿಗೆ ಬೇಕೆಂದ ಗಿರಾಕಿಗೆ ಪೂರಾ ಊಟದ ಬಿಲ್ಲು ಕೊಟ್ಟರೆ ಯಾವ ಹೋಟೆಲು ನಡೆದೀತು? ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ವಾಹಿನಿಗಳನ್ನು ಬಿಡಿಬಿಡಿಯಾಗಿ ಬೆಲೆ ಸಾರಿ ಮಾರಬೇಕೆಂದು 2017ರ ಮಾರ್ಚಿನಲ್ಲಿ ಆದೇಶಿಸಿತು. ಪ್ರಸಾರ ಕಂಪನಿಗಳು ಮದರಾಸಿನ ಉಚ್ಚ ನ್ಯಾಯಾಲಯದಿಂದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋರಾಡಿದವು. 2018ರ ಅಕ್ಟೋಬರ್ 30ರಂದು ಸರ್ವೋಚ್ಚ ನ್ಯಾಯಾಲಯವು ಅವರ ಮನವಿಯನ್ನು ತಳ್ಳಿಹಾಕಿತು. 2019ರ ಫೆಬ್ರವರಿಯಿಂದ ಪದ್ಧತಿಯು ಜಾರಿಗೆ ಬಂದಿತು. ಅಲ್ಲಿಗೂ ಜಗಳ ನಿಲ್ಲಲಿಲ್ಲ. 2023ರ ಫೆಬ್ರವರಿಯಲ್ಲಿ ಹೊಸ ದರದ ಕರಾರಿಗೆ ಸಹಿ ಹಾಕದ ಕೇಬಲಿನವರಿಗೆ ದೊಡ್ಡ ಪ್ರಸಾರ ಕಂಪನಿಗಳು ಕೆಲವು ದಿನ ವಾಹಿನಿಗಳನ್ನೇ ನಿಲ್ಲಿಸಿದವು. ಇಬ್ಬರು ವರ್ತಕರ ಕಾದಾಟದಲ್ಲಿ ಮುಂಗಡ ಹಣ ಕೊಟ್ಟ ಗ್ರಾಹಕನ ಪರದೆಯು ಕಪ್ಪಾಯಿತು.

ಇಂಥ ಸ್ಥಿತಿಯಲ್ಲಿಯೇ ಕಳ್ಳಪ್ರತಿಗಳ ಹಾವಳಿಯು ಬೆಳೆಯುತ್ತದೆ. ಕಳ್ಳತನವನ್ನು ನಾವು ಎಂದಿಗೂ ಸಮರ್ಥಿಸುವುದಿಲ್ಲ. ನೂರಾರು ಜನರ ದುಡಿಮೆಯನ್ನು ಹಣ ಕೊಡದೆ ನೋಡುವುದು ಉಂಡು ಬಿಲ್ಲು ಕೊಡದೆ ಹೋದಂತೆಯೇ ಸರಿ. 2023ರ ಚಲನಚಿತ್ರ ತಿದ್ದುಪಡಿ ಕಾಯಿದೆಯು ಕಳ್ಳಪ್ರತಿ ಮಾಡುವವರಿಗೆ ಮೂರು ತಿಂಗಳಿನಿಂದ ಮೂರು ವರ್ಷಗಳವರೆಗಿನ ಸೆರೆವಾಸವನ್ನೂ, 3 ಲಕ್ಷ ರೂಪಾಯಿಗಳಿಂದ ಆರಂಭಿಸಿ ಚಿತ್ರದ ಒಟ್ಟು ನಿರ್ಮಾಣವೆಚ್ಚದ ಶೇಕಡಾ 5ರವರೆಗಿನ ದಂಡವನ್ನೂ ಗೊತ್ತುಪಡಿಸಿದೆ. ಇದು ಸರಿಯೇ. ಆದರೆ ದಂಡವೊಂದರಿಂದಲೇ ಹಸಿವೆಯು ಅಡಗುವುದಿಲ್ಲ. ತುಕಾರಾಮ ಮಹಾರಾಜರ ಅಭಂಗಗಳ ಹಸ್ತಪ್ರತಿಗಳನ್ನು ಇಂದ್ರಾಯಣಿಯಲ್ಲಿ ಮುಳುಗಿಸಿದರೂ ಹದಿಮೂರು ದಿನಗಳ ಬಳಿಕ ಅವು ತೇಲಿ ಬಂದವೆಂದು ಇಲ್ಲಿಯೇ ಸಮೀಪದ ದೇಹೂ ಗ್ರಾಮದ ಜನ ಇಂದಿಗೂ ಹೇಳುತ್ತಾರೆ. ಜನರು ಬಯಸುವುದನ್ನು ಬಹುಕಾಲ ಅದುಮಿಡಲಾಗದೆಂಬ ಅರ್ಥವನ್ನು ವ್ಯಾಪಾರಿಯೂ ಅದರಿಂದ ಗ್ರಹಿಸಬಹುದು.

ಹಾಗಾದರೆ ಆಗಬೇಕಾದುದೇನು?

ಮೊದಲನೆಯದಾಗಿ, ಪ್ರತಿಯೊಂದು ಕನ್ನಡ ಚಿತ್ರದ ಬಿಡುಗಡೆಯ ದಿನವೇ, ಅದು ಮನೆಯ ಪರದೆಗೆ ಎಷ್ಟು ವಾರಗಳ ಮೇಲೆ ಬರುವುದೆಂಬುದನ್ನು ನಿರ್ಮಾಪಕರೂ ಚಿತ್ರಮಂದಿರದವರೂ ಕೂಡಿ ಸಾರಲಿ. ಎಂಟು ವಾರವಾದರೆ ಎಂಟು ವಾರ. ಕರ್ನಾಟಕದ ಹೊರಗೆ ಚಿತ್ರಮಂದಿರವೇ ದೊರೆಯದ ಊರುಗಳಿಗೆ ಈ ಅವಧಿಯನ್ನು ಕಡಿಮೆ ಮಾಡಬಹುದೇ ಎಂದೂ ಆಲೋಚಿಸಲಿ. ಇಲ್ಲದ ಚಿತ್ರಮಂದಿರಕ್ಕೆ ನಷ್ಟವಾಗುವುದಾದರೂ ಹೇಗೆ?

ಎರಡನೆಯದಾಗಿ, ವರ್ಷದ ಚಂದಾ ಕಟ್ಟಲಾರದವನಿಗೆ ಚಿತ್ರವೊಂದಕ್ಕೆ ಇಷ್ಟೆಂದು ಹಣ ಕೊಟ್ಟು ನೋಡುವ ಸೌಕರ್ಯವಿರಲಿ. 2024ರ ಮಾರ್ಚ್ 7ರಂದು ಕೇರಳ ಸರಕಾರವು ಸಿ-ಸ್ಪೇಸ್ ಎಂಬ ತನ್ನ ಓಟಿಟಿಯನ್ನು ತೆರೆದು, ಚಿತ್ರವೊಂದಕ್ಕೆ 75 ರೂಪಾಯಿಗಳೆಂದು ದರವಿಟ್ಟಿತು. ನೆರೆಯವರು ಮಾಡಿದುದನ್ನು ಕರ್ನಾಟಕವು ಮಾಡಲಾರದೇ? 2025ರಲ್ಲಿ ಕೊಟ್ಟ ಮಾತು ಕಾಗದದಲ್ಲಿಯೇ ಉಳಿಯಬಾರದು. ವೇದಿಕೆಯು ಸಿದ್ಧವಾದಾಗ ಅದು ರಾಜ್ಯದ ಗಡಿಯಲ್ಲಿ ನಿಲ್ಲಲೂ ಬಾರದು. ಕಾಸರಗೋಡು, ಸೊಲ್ಲಾಪುರ, ಮುಂಬಯಿ, ಪುಣೆಗಳಿಗೂ ತಲುಪಿದರೆ ಮಾತ್ರ ಅದು ಕನ್ನಡದ ವೇದಿಕೆ.

ಮೂರನೆಯದು ನಮ್ಮ ವಾಚಕ ಬಂಧುಗಳಿಗೆ. ಕಳ್ಳಪ್ರತಿಯನ್ನು ನೋಡಬೇಡಿರಿ, ಇತರರಿಗೆ ಕಳುಹಿಸಬೇಡಿರಿ. ನಾವು ಹಣ ಕೊಡುವವರೆಂದು ತೋರಿಸಿದಾಗಲೇ ನಮ್ಮ ಮಾತಿಗೆ ಬೆಲೆ. ಕನ್ನಡ ಚಿತ್ರವು ಪುಣೆಗೆ ಬಂದಾಗ ಸಂಘಗಳು ಒಟ್ಟಾಗಿ ಟಿಕೇಟುಗಳನ್ನು ಮೊದಲೇ ಕೊಂಡು, ನಮಗೆ ಅನುಕೂಲವಾದ ವೇಳೆಯ ಒಂದು ಆಟವನ್ನು ಕೇಳಲಿ. ಚಿತ್ರ ಬಾರದಿದ್ದಾಗ ನಿರ್ಮಾಪಕರಿಗೂ ವಾಣಿಜ್ಯ ಮಂಡಳಿಗೂ ಸಂಘದ ಹೆಸರಿನಲ್ಲಿ ಪತ್ರ ಬರೆಯಲಿ. 2012ರಲ್ಲಿ ಒಂದು ಗ್ರಾಹಕ ಕೂಟವು ಬರೆದ ದೂರು ಐವತ್ತು ವರ್ಷಗಳ ಕಟ್ಟನ್ನು ಸಡಿಲಿಸಿತೆಂಬುದನ್ನು ಮರೆಯಬಾರದು.

ಚಿತ್ರೋದ್ಯಮದ ಮಹನೀಯರಿಗೆ ನಮ್ಮ ನಮ್ರ ವಿಜ್ಞಾಪನೆ ಇಷ್ಟೇ: ಹೊರನಾಡಿನ ಕನ್ನಡಿಗನು ದಾನ ಕೇಳುತ್ತಿಲ್ಲ, ರಿಯಾಯಿತಿಯನ್ನೂ ಕೇಳುತ್ತಿಲ್ಲ. ತನ್ನ ಮಕ್ಕಳು ಕನ್ನಡವನ್ನು ಕೇಳುತ್ತ ಬೆಳೆಯಲೆಂದು ಪೂರ್ಣ ಬೆಲೆ ಕೊಟ್ಟು ಕೊಳ್ಳಲು ಬಂದಿದ್ದಾನೆ. ಆ ಮಕ್ಕಳು ಹಿಂದಿಗೋ ಇಂಗ್ಲಿಷಿಗೋ ಒಗ್ಗಿಹೋದ ಮೇಲೆ ಬಾಗಿಲು ತೆರೆದರೆ, ಒಳಗೆ ಬರುವ ಗಿರಾಕಿಯೇ ಇರಲಾರನು.