ಗೋಕರ್ಣದ ರಥಬೀದಿಯೂ ಜಿಲ್ಲೆಯ ಕೈಗೆಲಸವೂ

ಗೋಕರ್ಣಕ್ಕೆ ಬರುವ ಯಾತ್ರಿಕನು ಕೋಟಿತೀರ್ಥದಲ್ಲಿ ಮಿಂದು, ಮಹಾಬಲೇಶ್ವರನ ದರ್ಶನವನ್ನು ಪಡೆದು, ಬೀದಿಗೆ ಇಳಿದನೆಂದರೆ ಅವನ ಎಡಬಲಗಳಲ್ಲಿ ಅಂಗಡಿಗಳ ಸಾಲು ತೆರೆದುಕೊಳ್ಳುವುದು. ರುದ್ರಾಕ್ಷಿ, ತಾಮ್ರದ ತಂಬಿಗೆ, ಕುಂಕುಮ, ಬಳೆ, ಇವು ಹಿಂದಿನಿಂದಲೂ ಬಂದ ಸರಕು. ಕ್ಷೇತ್ರವಿದ್ದಲ್ಲಿ ಇವು ಇರತಕ್ಕವೇ. ಆದರೆ ಇವುಗಳ ನಡುನಡುವೆ, ಇನ್ನೂ ಅಗಲವಾದ ಬಾಗಿಲುಗಳಲ್ಲಿ, ಓಂಕಾರವನ್ನು ಅಚ್ಚೊತ್ತಿದ ಸಡಿಲವಾದ ಇಜಾರಗಳು, ಕಾಶ್ಮೀರದ ಶಾಲುಗಳು, ರಾಜಸ್ಥಾನದ ಕನ್ನಡಿ ಕೂಡಿಸಿದ ಚೀಲಗಳು, ಹಿಮಾಲಯದ ಕಡೆಯ ನಾದದ ಬಟ್ಟಲುಗಳು, ಆಫ್ರಿಕೆಯ ಮಾದರಿಯ ಡೋಲುಗಳು ತೂಗಾಡುತ್ತಿರುವುದನ್ನು ಅವನು ಕಾಣುವನು. ಕುಡ್ಲೆ, ಓಂ ಕಡಲತೀರಗಳಿಗಾಗಿ ಬರುವ ವಿಹಾರಾರ್ಥಿಗಳಿಗೋಸ್ಕರ ಹುಟ್ಟಿದ ಅಂಗಡಿಗಳಿವು. ಗೋವೆಯ ಗದ್ದಲಕ್ಕೆ ಬೇಸತ್ತ ಪರದೇಶಿಗಳು ಮೊದಲು ಬಂದರು. 1998ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣವಾದ ಮೇಲೆ ದಾರಿ ಸುಗಮವಾಯಿತು. ಈಗ ಬೆಂಗಳೂರಿನ ತರುಣರು ವಾರದ ಕೊನೆಯ ಎರಡು ದಿನಗಳನ್ನು ಇಲ್ಲಿ ಕಳೆದು ಹೋಗುತ್ತಾರೆ. ಹೀಗೆ ಬಂದು ಹೋಗುವವರೆಲ್ಲರೂ ಏನನ್ನಾದರೂ ಕೊಂಡೇ ಹೋಗುತ್ತಾರೆ. ಆದರೆ ಅವರು ಕೊಳ್ಳುವ ವಸ್ತುಗಳಲ್ಲಿ ಉತ್ತರ ಕನ್ನಡ ಜಿಲ್ಲೆಯ ಕೈ ಮುಟ್ಟಿದುದು ಎಷ್ಟು?

ಈ ಪ್ರಶ್ನೆಯನ್ನು ಎತ್ತಿದೊಡನೆ ಕೆಲವರು ಹೊರಗಿನ ವರ್ತಕರ ಮೇಲೆ ಕಣ್ಣು ಕೆಂಪಗೆ ಮಾಡುವರು. ಅದು ಅನ್ಯಾಯ. ಕಾಶ್ಮೀರದವನು ಸಾವಿರಾರು ಮೈಲಿಗಳಾಚೆಯಿಂದ ಬಂದು, ಮಳೆಗಾಲದ ನಷ್ಟವನ್ನೂ ಬಾಡಿಗೆಯ ಭಾರವನ್ನೂ ಹೊತ್ತು, ತನ್ನ ನಾಡಿನ ಕೈಗೆಲಸವನ್ನು ಕಡಲ ದಂಡೆಯಲ್ಲಿ ಮೆರೆಸುತ್ತಿದ್ದಾನೆ. ಶಾಲನ್ನು ಬಿಡಿಸಿ ತೋರಿಸುವಾಗ ಅವನು ನೇಯ್ದವರ ಊರನ್ನು ಹೇಳಬಲ್ಲನು. ಕಸೂತಿಗೆ ಎಷ್ಟು ದಿನ ಹಿಡಿಯಿತೆಂಬುದನ್ನು ಹೇಳಬಲ್ಲನು. ಅವನು ತನ್ನವರನ್ನು ಮರೆಯಲಿಲ್ಲ. ಮರೆತವರು ಬೇರೆ ಇದ್ದಾರೆ. ಆ ಅಂಗಡಿಯ ಗೋಡೆಯೂ ಮಾಡೂ ಯಾರವೋ ಅವರ ಮಾತನ್ನು ಮುಂದೆ ಆಡಬೇಕಾಗಿದೆ.

ಮೊದಲು ಉಪ್ಪನ್ನೇ ತೆಗೆದುಕೊಳ್ಳಬಹುದು. ಹೆದ್ದಾರಿಯಿಂದ ಗೋಕರ್ಣಕ್ಕೆ ತಿರುಗುವ ದಾರಿಯ ಪಕ್ಕದಲ್ಲಿ ಸಾಣಿಕಟ್ಟಾದ ಉಪ್ಪಿನ ಆಗರಗಳು ಹಬ್ಬಿವೆ. ಅಘನಾಶಿನಿಯ ಅಳಿವೆಯಿಂದ ಭರತದ ನೀರನ್ನು ಒಳಕ್ಕೆ ಬಿಟ್ಟುಕೊಂಡು, ಒಂದು ಪಾತಿಯಿಂದ ಇನ್ನೊಂದು ಪಾತಿಗೆ ಹಾಯಿಸಿ, ಬಿಸಿಲಿಗೆ ಒಣಗಿಸಿ, ಬೇಸಗೆಯ ತಿಂಗಳುಗಳಲ್ಲಿ ಜನರು ಬರಿಗಾಲಿನಲ್ಲಿ ನಿಂತು ಉಪ್ಪನ್ನು ಬಳಿದು ರಾಶಿ ಹಾಕುತ್ತಾರೆ. ಆ ಉಪ್ಪು ಯಂತ್ರದ ಉಪ್ಪಿನಂತೆ ಬಿಳಿಯದಲ್ಲ. ಮಣ್ಣಿನ ಕಂದು ಛಾಯೆ ಅದಕ್ಕುಂಟು. ಜಿಲ್ಲೆಯ ಗೃಹಿಣಿಯರು ಮಿಡಿಮಾವಿನ ಉಪ್ಪಿನಕಾಯಿಗೆ ಈ ಹರಳುಪ್ಪನ್ನೇ ಅರಸುವರು. ಇನ್ನು ಈ ಕರಾವಳಿಯಲ್ಲಿ ಉಪ್ಪೆಂದರೆ ಬರಿಯ ರುಚಿಯ ಮಾತಲ್ಲ. 1930ರ ಏಪ್ರಿಲ್ 13ರಂದು ಅಂಕೋಲೆಯ ಕಡಲತೀರದಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದವರು ಈ ಜಿಲ್ಲೆಯ ಹಳ್ಳಿಗರೇ. ಇಂಥ ಕಥೆಯುಳ್ಳ ಒಂದು ಹಿಡಿ ಉಪ್ಪು ಪರದೇಶದ ಯಾವುದಾದರೂ ಸಮುದ್ರತೀರದಲ್ಲಿ ದೊರೆತಿದ್ದರೆ ಅಲ್ಲಿಯ ಜನ ಅದನ್ನು ಪುಟ್ಟ ಮಣ್ಣಿನ ಕುಡಿಕೆಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಕಥೆಯನ್ನು ಅಂಟಿಸಿ ಮಾರುತ್ತಿದ್ದರು. ಇಲ್ಲಿಯೋ, ಪ್ರವಾಸಿಗನು ಆ ಬಿಳಿಯ ರಾಶಿಗಳನ್ನು ವಾಹನದ ಕಿಟಕಿಯಿಂದ ನೋಡಿ, ಅದೇನೆಂದು ಚಾಲಕನನ್ನು ಕೇಳಿ, ಮುಂದೆ ಹೋಗುತ್ತಾನೆ. ಅಡಿಗೆಯ ಉಪ್ಪಿಗೆ ಅಯೋಡಿನ್ ಸೇರಿರಬೇಕೆಂಬ ಸರಕಾರದ ನಿಯಮವನ್ನು ಅಡ್ಡ ತರುವವರಿದ್ದಾರೆ. ನಿಯಮವನ್ನು ಪಾಲಿಸಿಯೇ ಕುಡಿಕೆ ಕಟ್ಟಬಹುದು. ಅದಕ್ಕೆ ಬೇಕಾದುದು ಮನಸ್ಸು.

ಡೋಲಿನ ಮಾತು ಇದಕ್ಕಿಂತಲೂ ಖೇದಕರವಾದುದು. ಆಫ್ರಿಕೆಯ ಮಾದರಿಯೆಂದು ಅಂಗಡಿಯಲ್ಲಿ ಡೋಲು ಮಾರುತ್ತಾರಲ್ಲವೆ? ಅದೇ ಆಫ್ರಿಕೆಯಿಂದ ಶತಮಾನಗಳ ಹಿಂದೆ ದಾಸರಾಗಿ ತರಲ್ಪಟ್ಟು, ಗೋವೆಯ ಮಾರ್ಗವಾಗಿ ಕಾಡು ಸೇರಿ, ಕನ್ನಡವನ್ನೂ ಕೊಂಕಣಿಯನ್ನೂ ಮಾತಾಡುತ್ತ ಬಾಳಿದ ಸಿದ್ದಿ ಜನರು ಇದೇ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳಲ್ಲಿದ್ದಾರೆ. ಅವರ ಡಮಾಮಿಯ ಬಡಿತವನ್ನು ಕೇಳಲು ರಥಬೀದಿಯ ಗಿರಾಕಿಗೆ ಯಾರೂ ದಾರಿ ತೋರಿಸುವುದಿಲ್ಲ. ಸಿದ್ದಿ ಹೆಂಗಸರು ಹೊಲಿಯುವ ಕೌದಿಯನ್ನು ಒಮ್ಮೆ ನೋಡಿದವರು ಮರೆಯಲಾರರು. ಹಳೆಯ ಸೀರೆ ಅಂಗಿಗಳ ತುಂಡುಗಳನ್ನು ಅಂಚಿನಿಂದ ಕೂಡಿಸುತ್ತ ಬಂದು ನಡುವಿನಲ್ಲಿ ಮುಗಿಸುವರು; ಮೂಲೆಮೂಲೆಗೂ ಬಟ್ಟೆಯನ್ನು ಮಡಿಚಿ ‘ಹೂವು’ ಇಡುವರು; ಹೂವಿಲ್ಲದ ಕೌದಿ ಬತ್ತಲೆಯೆಂದು ಅವರ ಎಣಿಕೆ. ಈ ಕೌದಿಗಳು ಅಮೆರಿಕೆಯಲ್ಲಿ ಪ್ರದರ್ಶಿತವಾಗಿ ವಿದ್ವಾಂಸರ ಮೆಚ್ಚಿಕೆಯನ್ನು ಪಡೆದಿವೆ. ಸಮುದ್ರವನ್ನು ದಾಟಿ ಹೋದ ಕೌದಿಗೆ ಘಟ್ಟವನ್ನು ಇಳಿದು ಗೋಕರ್ಣಕ್ಕೆ ಬರುವುದು ಕಠಿನವಾಗಿದೆ! ಅಲ್ಲಿ ತೂಗುಹಾಕಿದ ನೂರು ಹೊದಿಕೆಗಳ ನಡುವೆ ಇದನ್ನು ಕಾಣುವುದು ಅಪರೂಪ.

ಗುಡಿಗಾರರ ಮಾತೂ ಹೀಗೆಯೇ. ಶಿರಸಿ, ಸಿದ್ದಾಪುರ, ಕುಮಟೆಗಳಲ್ಲಿಯೂ ನೆರೆಯ ಸಾಗರದಲ್ಲಿಯೂ ಅವರು ಗಂಧದ ಪೆಟ್ಟಿಗೆಯ ಮುಚ್ಚಳದ ಮೇಲೆ ಬಳ್ಳಿಯನ್ನೂ ಬೇಟೆಯನ್ನೂ ಪುರಾಣವನ್ನೂ ಬಿಡಿಸುತ್ತ ಬಂದರು. ಬೆಂಡಿನಲ್ಲಿ ಬಾಸಿಂಗವನ್ನು ಕೆತ್ತಿದವರೂ ಅವರೇ. ಗಂಧವು ದುರ್ಲಭವಾದ ಮೇಲೆ ಶಿವಣೆ ಮುಂತಾದ ಮರಗಳಲ್ಲಿ ಉಳಿಯಾಡಿಸುತ್ತಾರೆ. ಅವರ ಕೆಲಸವನ್ನು ಕಾಣಬೇಕಾದರೆ ಬೆಂಗಳೂರಿನ ಸರಕಾರೀ ಮಳಿಗೆಗೆ ಹೋಗಬೇಕೆಂಬ ಸ್ಥಿತಿ ಬಂದಿದೆ. ತಿನಿಸುಗಳ ವಿಷಯವನ್ನು ಹೆಚ್ಚು ಬೆಳಸಬೇಕಾಗಿಲ್ಲ: ಮುರುಗಲ ಸಿಪ್ಪೆ, ಜೋನಿ ಬೆಲ್ಲ, ಕುಮಟೆಯ ಸಿಹಿ ಈರುಳ್ಳಿ, ಅಂಕೋಲೆಯ ಕರಿ ಈಶಾಡು ಮಾವು, ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಕಗ್ಗ ಭತ್ತದ ಅಕ್ಕಿ. ಬೋರಲು ಹಾಕಿದ ಮಡಕೆಯ ಮೇಲೆ ಕಬ್ಬಿನ ಹಾಲಿನ ಹಿಟ್ಟನ್ನು ಬಳಿದು ತೆಗೆಯುವ ತೊಡದೇವು ಒಂದೇ ಸಾಕು, ಯಾವ ಊರಿನ ಮಿಠಾಯಿಯನ್ನಾದರೂ ನಾಚಿಸಲು.

“ಗಿರಾಕಿ ಕೇಳಿದುದನ್ನು ಅಂಗಡಿಯವನು ಮಾರುತ್ತಾನೆ, ಗಿರಾಕಿಗೆ ಕೌದಿ ಬೇಡ, ಇಜಾರವೇ ಬೇಕು” ಎಂದು ವಾದಿಸುವ ವ್ಯವಹಾರಜ್ಞರಿದ್ದಾರೆ. ಕಾಣದುದನ್ನು ಗಿರಾಕಿ ಹೇಗೆ ಕೇಳಿಯಾನು? ಪುರಿಯ ಉದಾಹರಣೆಯನ್ನು ನೋಡಬಹುದು. ಅದೂ ಗೋಕರ್ಣದಂತೆಯೇ ಕ್ಷೇತ್ರ. ಅದಕ್ಕೂ ಕಡಲಿನ ದಂಡೆ. ಅಲ್ಲಿಗೂ ಭಕ್ತನೊಡನೆ ವಿಹಾರಾರ್ಥಿ ಬರುತ್ತಾನೆ. ಹತ್ತಿರದ ರಘುರಾಜಪುರದ ಚಿತ್ರಕಾರರು ಬರೆದ ಪಟಚಿತ್ರವನ್ನು ಪುರಿಯಲ್ಲಿ ಕಾಣದೆ ಹಿಂದಿರುಗುವುದು ಕಷ್ಟ. ಸ್ನಾನಯಾತ್ರೆಯಾದ ಮೇಲೆ ಜಗನ್ನಾಥನ ದರ್ಶನವಿಲ್ಲದ ದಿನಗಳಲ್ಲಿ ದೇವಾಲಯದೊಳಗೆ ಪಟವನ್ನೇ ಪೂಜಿಸುವರು. ಯಾತ್ರಿಕನು ಮನೆಗೆ ಒಯ್ಯಲೆಂದು ಚಿಕ್ಕ ಪಟಗಳನ್ನು ಬರೆಯುವ ರೂಢಿಯೂ ಹಳೆಯದು. ಗಿರಾಕಿ ಅದನ್ನು ಬಯಸಿ ಬಂದವನಲ್ಲ; ಕಂಡು ಬಯಸಿದನು. ಇನ್ನು ಗೋಕರ್ಣದ ಇಜಾರವನ್ನು ಗಿರಾಕಿ ಕೊಳ್ಳುವುದು ನಿಜವೇ. ಆದರೆ ಅದೇ ಬಗೆಯ ಇಜಾರ ಅಂಜುನಾದಲ್ಲಿಯೂ ಉಂಟು, ವರ್ಕಲೆಯಲ್ಲಿಯೂ ಉಂಟು, ಸಮುದ್ರವೇ ಇಲ್ಲದ ಪುಷ್ಕರದಲ್ಲಿಯೂ ಉಂಟು. ಎಲ್ಲಿಯೂ ದೊರೆಯುವ ಸರಕಿನ ಬೀದಿ ಎಲ್ಲಿಯದೂ ಅಲ್ಲದ ಬೀದಿಯಾಗುವುದು. ಅಂಥ ಬೀದಿಗೆ ಎರಡನೆಯ ಸಲ ಬರಲು ಪ್ರವಾಸಿಗನಿಗೆ ಕಾರಣವೇನಿದೆ?

ತಪ್ಪು ಯಾರದು? ಸುಶಿಕ್ಷಿತ ಮನೆತನಗಳದು. ಬೀದಿಯ ಮನೆಗಳ ಜಗಲಿಗಳು ಒಂದೊಂದಾಗಿ ಅಂಗಡಿಗಳಾದುವು. ಯಜಮಾನನು ಒಳಗಿನ ಕೋಣೆಗೆ ಸರಿದು ತಿಂಗಳ ಬಾಡಿಗೆಯನ್ನು ಎಣಿಸಿದನು. ಬಾಡಿಗೆಯನ್ನು ಪಡೆಯುವುದು ದೋಷವಲ್ಲ. ಮಕ್ಕಳ ವಿದ್ಯಾಭ್ಯಾಸಕ್ಕೆ ಹಣ ಬೇಕು. ಆದರೆ ತನ್ನ ಜಗಲಿಯ ಮೇಲೆ ಏನು ಮಾರಾಟವಾಗುತ್ತಿದೆಯೆಂದು ಅವನು ಒಮ್ಮೆಯೂ ಕೇಳಲಿಲ್ಲ. ಮನೆಯೊಳಗಣ ವಿಚಾರವೂ ಇದಕ್ಕಿಂತ ಮೇಲಲ್ಲ. ಅತಿಥಿ ಬಂದರೆ ಮುರುಗಲ ಪಾನಕವನ್ನು ಕೊಡಲು ಸಂಕೋಚಪಟ್ಟು ಸೀಸೆಯ ಬಣ್ಣದ ನೀರನ್ನು ತರಿಸುವ ಮನೆಗಳು ಎಷ್ಟಿಲ್ಲ? ಮದುವೆಯ ಉಡುಗೊರೆಗೆ ಹುಬ್ಬಳ್ಳಿಯ ಅಂಗಡಿಯಿಂದ ಪಿಂಗಾಣಿ ತರುವವರು ಗುಡಿಗಾರನ ಮನೆಯ ಬಾಗಿಲನ್ನು ಎಂದಾದರೂ ತಟ್ಟಿದ್ದಾರೆಯೆ? ಕೌದಿಯನ್ನು ಬಡವರ ಹೊದಿಕೆಯೆಂದು ಅಟ್ಟಕ್ಕೆ ಎಸೆದವರು, ಅದೇ ಕೌದಿಗೆ ಪರದೇಶದಲ್ಲಿ ಮಾನ ಸಿಕ್ಕಿತೆಂಬ ಸುದ್ದಿಯನ್ನು ಓದಿ, ಜಿಲ್ಲೆಯ ಹೆಮ್ಮೆಯೆಂದು ಭಾಷಣದಲ್ಲಿ ಸೇರಿಸಿಕೊಳ್ಳುವರು. ಉತ್ಸವಗಳಲ್ಲಿ ಎರಡು ದಿನ ತಟ್ಟಿಯ ಮಳಿಗೆ ಹಾಕಿ ಕುಶಲಕರ್ಮಿಯನ್ನು ಕೂರಿಸುವುದೂ ಇಂಥದೇ ಭಾಷಣ. ಮೂರನೆಯ ದಿನ ಅವನ ಊಟಕ್ಕೆ ಗತಿಯೇನು?

ಮಾಡುವವರ ಕಡೆಯ ಲೋಪವನ್ನೂ ಮರೆಸಲಾಗದು. ಕಾಗದದ ಪೊಟ್ಟಣದಲ್ಲಿ ಕಟ್ಟಿದ ಉಪ್ಪು ಕರಾವಳಿಯ ಗಾಳಿಗೆ ಒಂದು ವಾರದಲ್ಲಿ ನೀರಾಗುವುದು. ತೊಡದೇವು ರೈಲಿನಲ್ಲಿ ಪುಡಿಯಾಗುವುದು. ಹೇಳಿದ ದಿನಕ್ಕೆ ವಸ್ತುವು ಬರುವುದಿಲ್ಲ. ಬೆಲೆಯನ್ನು ಬರೆದಿಡುವ ಅಭ್ಯಾಸವಿಲ್ಲ. ವರ್ತಕನು ಇದನ್ನು ಸಹಿಸಬೇಕೆಂದು ಕೇಳುವುದು ಧರ್ಮವಲ್ಲ. ಆದರೆ ಕಟ್ಟುವ ವಿದ್ಯೆಯನ್ನೂ ಲೆಕ್ಕ ಬರೆಯುವ ವಿದ್ಯೆಯನ್ನೂ ಬಲ್ಲವರು ಯಾರು? ಪುನಃ ಅದೇ ಸುಶಿಕ್ಷಿತ ಮನೆತನಗಳವರೇ ಅಲ್ಲವೆ? ಬೆಂಗಳೂರಿನ ಕಚೇರಿಗಳಲ್ಲಿ ದೂರದೇಶದ ಕಂಪನಿಗಳ ಸರಕಿಗೆ ಹೆಸರು ಕಟ್ಟಿಕೊಡುವ ಈ ಜಿಲ್ಲೆಯ ತರುಣರು, ಹಬ್ಬಕ್ಕೆಂದು ಊರಿಗೆ ಬಂದಾಗ ಸಾಣಿಕಟ್ಟಾದ ಕುಡಿಕೆಗೆ ನಾಲ್ಕು ಸಾಲನ್ನು ಬರೆದುಕೊಟ್ಟರೆ ಅವರ ವಿದ್ಯೆಗೆ ಕುಂದು ಬರಲಾರದು.

ಹೊರಗಿನ ಅಂಗಡಿಗಳನ್ನು ಎಬ್ಬಿಸಬೇಕೆಂದು ಯಾರೂ ಹೇಳಬೇಕಾಗಿಲ್ಲ. ಪಂಚಾಯತಿಯು ತನ್ನ ವಶದಲ್ಲಿರುವ ಮಳಿಗೆಗಳನ್ನು ಹರಾಜಿಗೆ ಇಡುವಾಗ ಒಂದನ್ನಾದರೂ ಜಿಲ್ಲೆಯ ಕೈಗೆಲಸಕ್ಕೆಂದು ಬೇರೆ ತೆಗೆದಿಡಲಿ. ಅದನ್ನು ಹೆಂಗಸರ ಸ್ವಸಹಾಯ ಸಂಘವೊಂದಕ್ಕೆ ಕಡಿಮೆಯ ಬಾಡಿಗೆಗೆ ಕೊಡಲಿ. ಪ್ರತಿಯೊಂದು ವಸ್ತುವಿನ ಮೇಲೂ ಮಾಡಿದ ಊರಿನ ಹೆಸರನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆಯಲಿ. ಮಳೆ ನಿಂತು ಕಡಲು ಶಾಂತವಾದೊಡನೆ ಪ್ರವಾಸಿಗರ ಕಾಲವು ಆರಂಭವಾಗುವುದು. ಅದಕ್ಕೆ ಮುಂಚೆ ಜಗಲಿಯ ಬಾಡಿಗೆಯ ಕರಾರನ್ನು ಹೊಸದಾಗಿ ಬರೆಯುವ ಯಜಮಾನನು ಅದರಲ್ಲಿ ಇನ್ನೊಂದು ಸಾಲನ್ನು ಸೇರಿಸಬಲ್ಲನು: ಬಾಗಿಲ ಬಳಿಯ ಒಂದು ಹಲಗೆ, ಮೂರು ಅಡಿ ಉದ್ದದ್ದು, ಜಿಲ್ಲೆಯ ಸರಕಿಗೆ. ಕಾಶ್ಮೀರದ ವರ್ತಕನು ಇದಕ್ಕೆ ಬೇಡವೆನ್ನುವನೆಂದು ತೋರುವುದಿಲ್ಲ. ಕೈಗೆಲಸದ ಬೆಲೆ ಅವನಿಗೆ ಗೊತ್ತು. ಆ ಸಾಲನ್ನು ಬರೆಯುವ ಯಜಮಾನರು ಬೀದಿಯಲ್ಲಿ ಎಷ್ಟು ಮಂದಿ ಇದ್ದಾರೆಂಬುದು ಬರುವ ಕಾರ್ತಿಕದೊಳಗೆ ಕಾಣಬೇಕು.